ಹಾಸಿಗೆಯನ್ನು ಹಿಗ್ಗಿಸುವ ಹೊತ್ತು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಮಿತವ್ಯಯವನ್ನು ಬೋಧಿಸುವ ಈ ಮಾತು ಒಳ್ಳೆಯದೇ. ಆದರೆ ಹಾಸಿಗೆಯನ್ನೇ ಹಿಗ್ಗಿಸುವುದು ಯಾವಾಗ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕೈಯಲ್ಲಿರುವ ಸಂಪತ್ತಿನಲ್ಲಿ ಎಷ್ಟನ್ನು ಇಂದಿನ ರಕ್ಷಣೆಗೆ, ಎಷ್ಟನ್ನು ನಾಳೆಯ ಬೆಳವಣಿಗೆಗೆ ತೊಡಗಿಸಬೇಕು? ಈ ಪ್ರಶ್ನೆ ರಾಜ್ಯಕ್ಕೂ ಉಂಟು, ರೈತನಿಗೂ ಉಂಟು. ಗಣಕಯಂತ್ರದ ಮುಂದೆ ಕುಳಿತು ಆಡುವ ತರುಣನಿಗೂ ಉಂಟು. ಹಿರಿಯರು ಕಾಲಹರಣವೆಂದು ಬಗೆಯುವ ಆ ಆಟಗಳಲ್ಲಿ ಒಂದು ಬಗೆಯವು ಈ ಪ್ರಶ್ನೆಯ ಅಭ್ಯಾಸಕ್ಕೆ ಯೋಗ್ಯವಾದ ಪ್ರಯೋಗಶಾಲೆಯೆಂದೂ, ಅವುಗಳ ಪಾಠವನ್ನು ಮಂಡ್ಯ ಸೀಮೆಯ ವಿದ್ಯಾರ್ಥಿಗಳು ತಮ್ಮ ನೆಲದ ಚರಿತ್ರೆಯೊಡನೆ ಹೋಲಿಸಿ ನೋಡಬೇಕೆಂದೂ ಈ ಲೇಖಕನ ಅಭಿಪ್ರಾಯ.

ಚದುರಂಗದಲ್ಲಿ ಸೈನ್ಯವು ಮೊದಲೇ ಸಿದ್ಧವಾಗಿರುತ್ತದೆ. ಒಬ್ಬರ ನಡೆ ಮುಗಿದ ಮೇಲೆ ಇನ್ನೊಬ್ಬರದು. 1998ರಲ್ಲಿ ಹೊರಬಂದ ‘ಸ್ಟಾರ್‌ಕ್ರಾಫ್ಟ್’, 1999ರ ‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಭಾಗ ಮೊದಲಾದ ಯುದ್ಧತಂತ್ರದ ಆಟಗಳಲ್ಲಿ ಹಾಗಲ್ಲ. ಇಬ್ಬರೂ ಏಕಕಾಲದಲ್ಲಿ ಆಡುತ್ತಾರೆ. ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ. ಸೈನ್ಯವನ್ನು ಇಲ್ಲಿ ಸಂಪಾದಿಸಬೇಕು. ಸಂಪಾದನೆಗೆ ಕೆಲಸಗಾರರು ಬೇಕು, ಅವರಿಗೆ ಗಣಿಯೋ ಹೊಲವೋ ಬೇಕು.

2010ರಲ್ಲಿ ಪ್ರಕಟವಾದ ‘ಸ್ಟಾರ್‌ಕ್ರಾಫ್ಟ್’ನ ಎರಡನೆಯ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಬ್ಬ ಕೆಲಸಗಾರನನ್ನು ಪಡೆಯಲು 50 ಖನಿಜ ತೆರಬೇಕು. ಆತ ನಿಮಿಷಕ್ಕೆ ಹೆಚ್ಚು ಕಡಮೆ ಅಷ್ಟನ್ನೇ ಅಗೆದು ತರುತ್ತಾನೆ. ಹಾಗಾದರೆ ಕೆಲಸಗಾರರನ್ನು ಹೆಚ್ಚಿಸುತ್ತಲೇ ಹೋಗಬಹುದಲ್ಲವೆ? ಹೋಗಲಾಗದು. ಒಂದು ನೆಲೆಯಲ್ಲಿ ಖನಿಜದ ರಾಶಿಗಳು ಸಾಮಾನ್ಯವಾಗಿ 8. ರಾಶಿಗೆ ಇಬ್ಬರಂತೆ 16 ಮಂದಿ ಸಲೀಸಾಗಿ ದುಡಿಯುತ್ತಾರೆ. ಮೂರನೆಯವನು ಬಂದರೆ ಸರದಿಗಾಗಿ ಕಾಯಬೇಕು. ಅವನಿಂದ ಬರುವ ಹೆಚ್ಚಳ ಬಹಳ ಕಡಮೆ. 24 ಮಂದಿಯ ಮೇಲೆ ಹೆಚ್ಚಳವೇ ಇಲ್ಲ. ಅರ್ಥಶಾಸ್ತ್ರಜ್ಞರು ಇಳಿಮುಖ ಪ್ರತಿಫಲವೆಂದು ಕರೆಯುವ ನಿಯಮ ಇದೇ.

ಈಗ 400 ಖನಿಜ ತೆತ್ತು ಎರಡನೆಯ ನೆಲೆಯನ್ನು ಕಟ್ಟಿ, ಸರದಿಯಲ್ಲಿ ಕಾಯುತ್ತಿದ್ದ 8 ಮಂದಿಯನ್ನು ಅಲ್ಲಿಗೆ ಕಳುಹಿಸೋಣ. ಒಬ್ಬೊಬ್ಬನಿಂದ ನಿಮಿಷಕ್ಕೆ 30 ಖನಿಜ ಹೆಚ್ಚಾಗಿ ಬಂದರೂ ಒಟ್ಟು ಹೆಚ್ಚಳ 240. ಹಾಕಿದ ಬಂಡವಾಳ ಎರಡು ನಿಮಿಷದೊಳಗೆ ಮರಳಿತು. ಕಟ್ಟಲು ಹಿಡಿಯುವ ಒಂದು ನಿಮಿಷಕ್ಕಿಂತ ತುಸು ಹೆಚ್ಚಿನ ಕಾಲವನ್ನು ಸೇರಿಸಿದರೆ ಸುಮಾರು ಮೂರು ನಿಮಿಷ. ಆದರೆ ಅದೇ 400 ಖನಿಜದಿಂದ ಎದುರಾಳಿಯು 8 ಮಂದಿ ಕಾಲಾಳುಗಳನ್ನು ಪಡೆಯಬಲ್ಲನೆಂಬುದನ್ನು ಮರೆಯಲಾಗದು. ಮೂರು ನಿಮಿಷದ ಮೇಲೆ ನಾವು ಶ್ರೀಮಂತರು ನಿಜ. ಅಷ್ಟರವರೆಗೆ ಆತ ಬಲಿಷ್ಠ.

ಆದುದರಿಂದ ವಿಸ್ತರಣೆಗೆ ಎಲ್ಲ ಕಾಲಕ್ಕೂ ಸಲ್ಲುವ ಒಂದು ಮುಹೂರ್ತವಿಲ್ಲ. ಬೇಗ ವಿಸ್ತರಿಸಿದವನು, ಕೋಟೆಯೊಳಗೆ ಅಡಗಿ ಕುಳಿತವನನ್ನು ಸಂಪತ್ತಿನಿಂದ ಗೆಲ್ಲುತ್ತಾನೆ. ಬೇಗ ದಂಡೆತ್ತಿ ಬಂದವನು, ಬೇಗ ವಿಸ್ತರಿಸಿದವನನ್ನು ಗೆಲ್ಲುತ್ತಾನೆ. ಕೋಟೆಯೊಳಗಿದ್ದವನು, ದಂಡೆತ್ತಿ ಬಂದವನನ್ನು ತಡೆಯುತ್ತಾನೆ. ಯಾವುದು ಸರಿಯೆಂದು ತಿಳಿಯಲು ಎದುರಾಳಿ ಏನು ಮಾಡುತ್ತಿದ್ದಾನೆಂದು ನೋಡಿಬರಬೇಕು. ನುರಿತ ಆಟಗಾರರು ಒಬ್ಬ ಕೆಲಸಗಾರನ ದುಡಿಮೆಯನ್ನು ಬಿಟ್ಟುಕೊಟ್ಟಾದರೂ ಆತನನ್ನು ಬೇಹಿಗೆ ಕಳುಹಿಸುವುದು ಇದಕ್ಕಾಗಿಯೇ. 2019ರಲ್ಲಿ ‘ಆಲ್ಫಾಸ್ಟಾರ್’ ಎಂಬ ಕೃತಕ ಬುದ್ಧಿಯ ಯಂತ್ರವು ವೃತ್ತಿಪರ ಆಟಗಾರರನ್ನು ಸೋಲಿಸಿದಾಗ ನೋಡುಗರನ್ನು ಬೆರಗುಗೊಳಿಸಿದ ಸಂಗತಿಯೊಂದುಂಟು: ಅದು ಮೊದಲ ನೆಲೆಯಲ್ಲಿ 16ಕ್ಕೆ ನಿಲ್ಲದೆ ಇನ್ನೂ ಹೆಚ್ಚು ಕೆಲಸಗಾರರನ್ನು ಕೂಡಿಹಾಕುತ್ತಿತ್ತು. ದಾಳಿಯಲ್ಲಿ ಕೆಲವರು ಸತ್ತರೂ ದುಡಿಮೆ ಕುಂದದು. ಹೊಸ ನೆಲೆ ಎದ್ದೊಡನೆ ಅಲ್ಲಿಗೆ ಹೋಗಲು ಜನ ಸಿದ್ಧ. ನೋಟಕ್ಕೆ ದುಂದುವೆಚ್ಚ, ವಾಸ್ತವವಾಗಿ ವಿಸ್ತರಣೆಯ ಪೂರ್ವಸಿದ್ಧತೆ.

ಇಂಥ ಪೂರ್ವಸಿದ್ಧತೆಯ ಹಿರಿಯ ಉದಾಹರಣೆ ನಮ್ಮ ಕಾವೇರಿಯ ದಡದಲ್ಲಿಯೇ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುದಾಗಾರ ತೊಡಗಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿತು. 1905ರಲ್ಲಿ ಬೆಂಗಳೂರಿಗೂ ಬೆಳಕಾಯಿತು. ಬೇಡಿಕೆ ಏರಿತು. ಆದರೆ ಬೇಸಗೆಯಲ್ಲಿ ಹೊಳೆ ಬಡವಾದರೆ, ಅಲ್ಲಿ ಎಷ್ಟು ಯಂತ್ರಗಳನ್ನು ಕೂಡಿಸಿದರೇನು ಫಲ? ರಾಶಿಗೆ ಮೂರನೆಯ ಕೆಲಸಗಾರನ ಕಥೆಯೇ ಇದು. ಮೊದಲ ನೆಲೆ ತುಂಬಿತ್ತು, ಎರಡನೆಯದು ಬೇಕಾಗಿತ್ತು.

1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಮದರಾಸು ಸರ್ಕಾರ ಪೂರ್ಣ ಗಾತ್ರದ ಜಲಾಶಯಕ್ಕೆ ಸಮ್ಮತಿಸದೆ, ಕಡಮೆ ಸಂಗ್ರಹಕ್ಕೆ ಮಾತ್ರ ಒಪ್ಪಿತು. ಹಾಗಿದ್ದರೂ ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ಅಡಿಪಾಯವನ್ನು ಮೊದಲು ಉದ್ದೇಶಿಸಿದ್ದ ಅಗಲಕ್ಕೇ ಹಾಕಲಾಯಿತು. ಒಪ್ಪಂದ ದೊರೆಯದೆ ಹೋಗಿದ್ದರೆ ಆ ಹೆಚ್ಚಿನ ಕಲ್ಲುಗಾರೆ ವ್ಯರ್ಥ. ದೊರೆತರೆ, ಕಟ್ಟಿದುದನ್ನು ಕೆಡವದೆ ಮೇಲೇರಿಸಬಹುದು. 1924ರಲ್ಲಿ ಒಪ್ಪಂದ ದೊರೆಯಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ, ನೀರು ಮಂಡ್ಯದ ಬಯಲಿಗೆ ಹರಿಯಿತು. ಹೊಸ ನೀರಾವರಿಗೆ ಹೊಂದುವ ಬೆಳೆಗಳನ್ನು ಪರೀಕ್ಷಿಸಲು, ಇಂದು ವಿ.ಸಿ. ಫಾರಂ ಎನಿಸಿಕೊಂಡಿರುವ ಪ್ರಯೋಗಕ್ಷೇತ್ರ 1931ರಲ್ಲಿ ಹುಟ್ಟಿತು. ಬೇಹಿಗೆ ಕಳುಹಿಸಿದ ಕೆಲಸಗಾರ ಅದೇ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ವಿದ್ಯುತ್ತು, ಅಣೆಕಟ್ಟು, ನಾಲೆ, ಕಬ್ಬು, ಕಾರ್ಖಾನೆ ಎಂಬ ಕ್ರಮವನ್ನು ಗಮನಿಸಿರಿ. ಕಾರ್ಖಾನೆ ಮೊದಲು ಎದ್ದು ನಾಲೆ ಆಮೇಲೆ ಬಂದಿದ್ದರೆ, ಗಾಣಕ್ಕೆ ಕಬ್ಬೆಲ್ಲಿ?

ಹೋಲಿಕೆಗೆ ಮಿತಿಯೂ ಉಂಟು. ಅದನ್ನು ಒತ್ತಿ ಹೇಳದಿದ್ದರೆ ಈ ಲೇಖನ ಅಪಾಯಕಾರಿಯಾದೀತು. ಆಟದಲ್ಲಿ ಬಂಡವಾಳ ಮೂರು ನಿಮಿಷಕ್ಕೆ ಮರಳುತ್ತದೆ. ಕಬ್ಬು ಕಟಾವಿಗೆ ಬರಲು ಹತ್ತು ಹನ್ನೆರಡು ತಿಂಗಳು ಬೇಕು. ಎಳನೀರಿನ ಸಂತೆಗೆ ಹೆಸರಾದ ಮದ್ದೂರಿನ ಸುತ್ತ ಇಂದು ತೆಂಗಿನ ಸಸಿ ನೆಟ್ಟವನು ಫಸಲಿಗಾಗಿ ವರ್ಷಗಟ್ಟಲೆ ಕಾಯಬೇಕು. ಆಟದಲ್ಲಿ ಖನಿಜದ ರಾಶಿ ಎಷ್ಟೆಂದು ಮೊದಲೇ ಗೊತ್ತು. ಕೊಳವೆಬಾವಿಯ ಆಳದಲ್ಲಿ ನೀರೆಷ್ಟೆಂಬುದು ಗೊತ್ತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೋತ ಆಟಗಾರ ಮತ್ತೆ ಮೊದಲಿನಿಂದ ಆಡುತ್ತಾನೆ. 2015ರಲ್ಲಿ ಸಾಲದ ಹೊರೆಯಿಂದ ಜೀವ ಕಳೆದುಕೊಂಡ ಈ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ಎರಡನೆಯ ಆಟವಿರಲಿಲ್ಲ. ಬೆಳೆ ಚೆನ್ನಾಗಿ ಬಂದರೂ ಹಣ ಕೈಸೇರುವುದು ತಡವಾದರೆ ವಿಸ್ತರಣೆಯೇ ಉರುಳಾಗುತ್ತದೆ. ಲಾಭವೆಷ್ಟು ಎಂಬ ಲೆಕ್ಕವೊಂದೇ ಸಾಲದು. ಲಾಭ ಬರುವವರೆಗೆ ಉಸಿರು ಹಿಡಿದಿರುವುದು ಹೇಗೆ ಎಂಬುದೇ ಹಿರಿದಾದ ಲೆಕ್ಕ.

ನಮ್ಮ ತರುಣ ವಾಚಕರಲ್ಲಿ ಇಂಥ ಆಟವಾಡುವವರು ಸೋಲುಗೆಲುವುಗಳನ್ನು ಮಾತ್ರ ಎಣಿಸದೆ, ಒಂದು ಪುಸ್ತಕದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಲಿ. ಇದ್ದ ನೆಲೆ ನಿಜವಾಗಿ ತುಂಬಿತ್ತೆ? ಹೂಡಿದುದು ಮರಳಲು ಎಷ್ಟು ಕಾಲ ಹಿಡಿಯಿತು? ಅಷ್ಟು ಕಾಲ ತಾಳಿಕೊಳ್ಳುವ ಬಲ ಇತ್ತೆ? ಆಮೇಲೆ ಮನೆಯ ಜಮೀನಿನ ಲೆಕ್ಕವನ್ನು ಹಿರಿಯರ ಬಳಿ ಕೇಳಿ, ಅದೇ ಪ್ರಶ್ನೆಗಳನ್ನು ಅದಕ್ಕೂ ಹಾಕಿ ನೋಡಲಿ. ಜೊತೆಗೆ ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಲಿ: ಆಡುವ ಗಂಟೆಗಳೂ ಬಂಡವಾಳವೇ. ಪರೀಕ್ಷೆ ಬಾಗಿಲಲ್ಲಿ ನಿಂತಿರುವಾಗ ಆಟದ ನೆಲೆಯನ್ನು ಹಿಗ್ಗಿಸುತ್ತ ಕುಳಿತವನು, ಆ ಆಟ ಕಲಿಸುವ ಮೊದಲ ಪಾಠವನ್ನೇ ಕಲಿಯಲಿಲ್ಲವೆಂದು ಹೇಳಬೇಕಾಗುತ್ತದೆ.