ಸಿಡಿಲಿನ ಹೆಸರಲ್ಲಿ ನಮ್ಮ ಜೇಬಿಗೆ ಕತ್ತರಿ

ಕೋಯಂಬೇಡು ಮಾರ್ಕೆಟ್ಟಿನಲ್ಲಿ ಕಾಲು ಕಿಲೋ ಬದನೆಕಾಯಿ ತಗೊಳ್ಳೋಕೆ ಒಂದೊಂದನ್ನೂ ತಿರುಗಿಸಿ ಹುಳ ಇದೆಯಾ ಅಂತ ನೋಡ್ತೀವಿ. ಅದೇ ನಾವು, ಮೂವತ್ತು ಸಾವಿರದ ಹೋಮ್ ಥಿಯೇಟರ್ ಮಳೆಯ ಮಾರನೇ ದಿನ ಮಾತಾಡದಿದ್ದರೆ, ರಿಪೇರಿಯವನು "ಇಡಿ ಸಾರ್, ಬೋರ್ಡ್ ಪೋಚ್ಚು" ಅಂದಿದ್ದೇ ತಡ ಹೊಸದರ ರೇಟು ಕೇಳ್ತೀವಿ. (ಇಲ್ಲಿ ಸಿಡಿಲಿಗೆ ಇಡಿ ಅಂತಾರೆ. ನಮ್ಮ ಕಿವಿಗೆ ಇಡೀ ಸೆಟ್ಟೇ ಹೋಯ್ತು ಅಂತ ಕೇಳಿಸುತ್ತೆ!) ಮುಚ್ಚಳ ಬಿಚ್ಚಿ ನೋಡಿದ್ನಾ? ಕೇಳೋರೇ ಇಲ್ಲ.

ನೋಡಿ ಸ್ವಾಮಿ, ಸಿಡಿಲು ನಿಮ್ಮ ಮನೆ ಮೇಲೇ ಬೀಳಬೇಕಿಲ್ಲ. ಎರಡು ಬೀದಿ ಆಚೆ ಬಿದ್ದರೂ ಕರೆಂಟಿನ ಲೈನಲ್ಲೋ ತಾರಸಿ ಮೇಲಿನ ಡಿಶ್ಶಿನ ಕೇಬಲ್ಲಲ್ಲೋ ವೋಲ್ಟೇಜ್ ಏರಿ ಒಳಗೆ ನುಗ್ಗುತ್ತೆ. ಯಾವ ದಾರಿಯಲ್ಲಿ ಬಂತು ಅನ್ನೋದನ್ನ ಮೊದಲು ನೋಡಬೇಕು. ಡಿಶ್ ಕಡೆಯಿಂದ ಬಂದಿದ್ದರೆ ಸೆಟ್ ಟಾಪ್ ಬಾಕ್ಸ್, ಟಿವಿ, ಅಲ್ಲಿಂದ ಆಂಪ್ಲಿಫೈಯರಿನ ಎಚ್‌ಡಿಎಂಐ ಚಿಪ್ಪು ಸತ್ತಿರಬಹುದು. ಆಂಪ್ಲಿಫೈಯರ್ ಗಟ್ಟಿಯಾಗೇ ಇರಬಹುದು! ಎಲ್ಲ ವೈರೂ ಕಿತ್ತು, ಬರೀ ಪವರ್ ಕೊಟ್ಟು, ಸ್ಪೀಕರ್ ಟರ್ಮಿನಲ್ಲಿನಲ್ಲಿ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ಅಳೀಲಿ. ಹೆಚ್ಚುಕಮ್ಮಿ ಸೊನ್ನೆ ಇದ್ದರೆ ಮಾತ್ರ ಸ್ಪೀಕರ್ ಜೋಡಿಸಬೇಕು, ಇಲ್ಲದಿದ್ದರೆ ಅದರ ಕಾಯಿಲ್ಲೂ ಸುಟ್ಟೀತು. ಆಮೇಲೆ ಫೋನಿನಿಂದ ಆಕ್ಸ್‌ಗೆ ಒಂದು ಹಾಡು ಹಾಕಿ. ಬಂತಾ? ಮತ್ತೆ ಯಾವ ಸೀಮೆ "ಪೋಚ್ಚು" ಅದು!

ಪವರ್ರೇ ಬರದಿದ್ದರೆ ಫ್ಯೂಸ್ ನೋಡಬೇಕು. ಅದರ ಪಕ್ಕದಲ್ಲಿ ಬಿಲ್ಲೆಯಂಥದ್ದೊಂದು ಪಾರ್ಟ್ ಇರುತ್ತೆ, ಎಂಒವಿ ಅಂತ. ಅದು ಸೀಳಿ ಕಪ್ಪಾಗಿದ್ದರೆ ಸಂತೋಷಪಡಿ, ತಾನು ಸತ್ತು ಉಳಿದವರನ್ನ ಕಾಪಾಡೋದೇ ಅದರ ಕೆಲಸ. ಕೆಲವೇ ರೂಪಾಯಿಯ ಸಾಮಾನು, ರಿಚಿ ಸ್ಟ್ರೀಟಿನಲ್ಲಿ ಸಿಗುತ್ತೆ. ಅದನ್ನ ಕಿತ್ತೆಸೆದು ಬರೀ ಫ್ಯೂಸ್ ಹಾಕಿ ಕೊಟ್ಟರೆ ಬಿಡಬೇಡಿ. ಫ್ಯೂಸ್ ಮತ್ತೆ ಹೋದರೆ ಒಳಗೆ ಶಾರ್ಟ್ ಇದೆ, ದಪ್ಪ ಫ್ಯೂಸ್ ಹಾಕೋದು ಅದಕ್ಕೆ ಮದ್ದಲ್ಲ. ಇದನ್ನೆಲ್ಲ ನೀವೇ ಮಾಡೋಕೆ ಹೋಗಬೇಡಿ ಮಾರಾಯ್ರೆ, ಪ್ಲಗ್ ಕಿತ್ತಮೇಲೂ ಕೆಪಾಸಿಟರ್ ಹೊಡೆಯುತ್ತೆ. ಎದುರಿಗೆ ಕೂತು ಮಾಡಿಸಿ.

ಇನ್ನು "ಸ್ಪೈಕ್ ಗಾರ್ಡ್ ಇತ್ತಲ್ಲ" ಅನ್ನೋರಿಗೆ ಒಂದು ಮಾತು. ಅದರೊಳಗೂ ಇರೋದು ಇದೇ ಎಂಒವಿ. ಪ್ರತಿ ಹೊಡೆತಕ್ಕೂ ಅದು ಸವೆಯುತ್ತೆ. ಕೆಂಪು ದೀಪ ಉರಿದರೆ ಎಷ್ಟೋ ಗಾರ್ಡುಗಳಲ್ಲಿ ಕರೆಂಟ್ ಇದೆ ಅಂತ ಮಾತ್ರ ಅರ್ಥ, ರಕ್ಷಣೆ ಇದೆ ಅಂತಲ್ಲ. ಗೋಡೆಯ ಮೂರನೇ ತೂತಿನ ಹಿಂದೆ ಅರ್ತ್ ವೈರೇ ಇಲ್ಲದಿದ್ದರೆ ಅರ್ತಿಗೆ ಹೋಗಬೇಕಾದ ಸರ್ಜು ಎಲ್ಲಿಗೆ ಹೋಗಬೇಕು? ನಿಮ್ಮ ಆಂಪ್ಲಿಫೈಯರಿಗೇ! ಸ್ಟೆಬಿಲೈಸರ್ ರಿಲೇ ಮಿಲಿಸೆಕೆಂಡುಗಳಲ್ಲಿ ಎದ್ದೇಳೋ ಹೊತ್ತಿಗೆ ಮೈಕ್ರೋಸೆಕೆಂಡುಗಳಲ್ಲಿ ಬಂದ ಸರ್ಜು ಕೆಲಸ ಮುಗಿಸಿರುತ್ತೆ. ಸ್ವಿಚ್ ಆರಿಸಿದೆ ಅಂದರೂ ಸಾಲದು. ಗೋಡೆ ಸ್ವಿಚ್ಚು ಸಾಮಾನ್ಯವಾಗಿ ಫೇಸ್ ಒಂದನ್ನೇ ಕಡಿಯೋದು, ನ್ಯೂಟ್ರಲ್ ಸೇರೇ ಇರುತ್ತೆ. ಮೋಡ ಗುಡುಗೋಕೆ ಮುಂಚೆ ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ಕೀಳಬೇಕು.

ಬಾಡಿಗೆ ಏರಿಸೋಕೆ ಹೌಸ್ ಓನರ್ ಬಂದಾಗ ಇನ್ನೊಂದು ಪ್ರಶ್ನೆ ಕೇಳಿ: ಅರ್ತ್ ಪಿಟ್ ಎಲ್ಲಿದೆ, ಕೊನೇ ಸಲ ಅಳೆಸಿದ್ದು ಯಾವಾಗ? ನಮ್ಮ ಬಿಲ್ಡಿಂಗಿನಲ್ಲಿ ಅದರ ಮೇಲೆ ಟೈಲ್ಸ್ ಹಾಕಿ ಬೈಕ್ ನಿಲ್ಲಿಸ್ತಾರೆ.