ಒಪ್ಪುವುದಿಲ್ಲ ಎನ್ನುವವರಿಗೆ ಒಂದು ಮಾತು

"ಈ ಬಣ್ಣ ನಿನಗೆ ಒಪ್ಪುವುದಿಲ್ಲ." ನಮ್ಮ ಮನೆಗಳ ಹೆಣ್ಣುಮಕ್ಕಳು ಬುದ್ಧಿ ಬಂದಂದಿನಿಂದ ಕೇಳುತ್ತ ಬಂದಿರುವ ಈ ಒಂದು ವಾಕ್ಯದ ವಿರುದ್ಧ ನಾನು ಈ ಲೇಖನ ಬರೆಯುತ್ತಿದ್ದೇನೆ. ಮಾತು ಬಟ್ಟೆಗೆ ಹೇಳಿದಂತೆ ಕೇಳಿಸುತ್ತದೆ. ಪೆಟ್ಟು ಬೀಳುವುದು ಮೈಮೇಲೆ. ಒಪ್ಪದ ಬಟ್ಟೆಯನ್ನು ಮಡಚಿ ಕಪಾಟಿನಲ್ಲಿಡಬಹುದು. ಒಪ್ಪದ ಮೈಯನ್ನು ಎಲ್ಲಿ ಇಡುವುದು ಸ್ವಾಮಿ?

ಕಾಸರಗೋಡಿನ ಆಸುಪಾಸಿನಲ್ಲಿ ಮೂವತ್ತು ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಕುಳಿತವಳು ನಾನು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಈ ನೆಲದ ಎಲ್ಲ ಮಾತಿನ ಮನೆಗಳ ಹೆಂಗಸರ ಅಳತೆ ತೆಗೆದಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತಾಡುವ ಅಧಿಕಾರ ನನಗೂ ಉಂಟು ಎಂದುಕೊಂಡಿದ್ದೇನೆ.

ಕನ್ನಡದಲ್ಲಿ 'ಒಪ್ಪು' ಎಂಬ ಪದಕ್ಕೆ ಎರಡು ಅರ್ಥ. ಅಂದವಾಗಿ ಹೊಂದುವುದೂ ಒಪ್ಪು, ಸಮ್ಮತಿಸುವುದೂ ಒಪ್ಪು. ಮಲಯಾಳದವರು 'ಚೇರುಂ' ಅನ್ನುತ್ತಾರೆ, ಸೇರುತ್ತದೆ ಎಂದರ್ಥ. ಎರಡು ಭಾಷೆಗಳನ್ನೂ ಬಲ್ಲ ನಾವು ಕೇಳಬೇಕಾದದ್ದು ಇಷ್ಟೇ: ಬಟ್ಟೆ ಯಾರಿಗೆ ಸೇರಬೇಕು, ಯಾರ ಒಪ್ಪಿಗೆಯಿಂದ? ಜವಳಿ ಅಂಗಡಿಯಲ್ಲಿ ಸೀರೆ ಹರಡಿದಾಗ ಅತ್ತೆ ಒಪ್ಪಬೇಕು, ನಾದಿನಿ ಒಪ್ಪಬೇಕು, ಸೀರೆ ಹರಡುವ ಹುಡುಗನೂ ಒಪ್ಪಬೇಕು. ಉಡುವವಳು ಸುಮ್ಮನೆ ನಿಂತಿರುತ್ತಾಳೆ.

ಯಾರು ಏನು ತೊಡಬೇಕೆಂದು ಬೇರೆಯವರು ತೀರ್ಮಾನಿಸುವುದು ಈ ರಾಜ್ಯಕ್ಕೆ ಹೊಸತಲ್ಲ. ದಕ್ಷಿಣದ ತಿರುವಿತಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. 1859ರಲ್ಲಿ ಹೊರಟ ರಾಜಾಜ್ಞೆಯೂ ಮೇಲ್ಜಾತಿಯ ಹೆಂಗಸರಂತೆ ತೊಡಬಾರದು ಎಂಬ ಷರತ್ತಿನೊಂದಿಗೇ ಅನುಮತಿ ಕೊಟ್ಟಿತು. ಆ ಕ್ರೌರ್ಯವನ್ನೂ ಅಂಗಡಿಯ ಮಾತನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ "ನಿನಗೆ ಇದು ತಕ್ಕದ್ದಲ್ಲ" ಎಂಬ ದನಿ ಎಲ್ಲಿಂದ ಬಂದದ್ದು ಎಂಬುದನ್ನು ನೆನಪಿಡುವುದು ಒಳ್ಳೆಯದು.

ಮೊದಲು ಬಣ್ಣದ ಮಾತು ನೋಡೋಣ. ಕಪ್ಪು ಮೈಯವಳು ಹಳದಿ ಉಡಬಾರದು, ಕೆಂಪು ಉಡಬಾರದು, ಗಿಳಿಹಸಿರು ಬೇಡವೇ ಬೇಡ. ಮಾಸಲು ಗುಲಾಬಿಯೋ ಬೂದಿಯೋ ಕೆನೆಬಣ್ಣವೋ ಸಾಕು. ಇದು ಹೆಣ್ಣು ನೋಡುವ ಶಾಸ್ತ್ರದ ಹಿಂದಿನ ದಿನ ನಡೆಯುವ ಉಪದೇಶ. ನಾನು ಕೇಳುತ್ತೇನೆ: ನೀಲಮೇಘಶ್ಯಾಮನಾದ ಕೃಷ್ಣನಿಗೆ ಪೀತಾಂಬರ ಉಡಿಸಿದವರು ಯಾರು? ಮೋಡದ ಬಣ್ಣದ ಮೈಗೆ ಹೊಳೆಯುವ ಹಳದಿ ಎಷ್ಟು ಒಪ್ಪುತ್ತದೆ ಎಂದು ನಮ್ಮ ಹಿರಿಯರ ಕಣ್ಣಿಗೆ ಗೊತ್ತಿತ್ತು. ದ್ರೌಪದಿಗೆ ಕೃಷ್ಣೆ ಎಂಬ ಹೆಸರೇ ಅವಳ ಮೈಬಣ್ಣದಿಂದ ಬಂದದ್ದು. ಉತ್ತರ ಮಲಬಾರಿನ ಕಾವುಗಳಲ್ಲಿ ತೆಯ್ಯ ಕಟ್ಟಿದವರು ಉರಿಗೆಂಪು ಉಟ್ಟು ಎದುರು ನಿಂತಾಗ ನಾವು ಕೈ ಮುಗಿಯುತ್ತೇವೆ. ಕಪ್ಪು ಮೈಗೆ ಈ ಕೆಂಪು ಒಪ್ಪುವುದಿಲ್ಲ ಎಂದು ಅಲ್ಲಿ ಯಾರಾದರೂ ಬಾಯಿ ಬಿಟ್ಟಿದ್ದಾರೆಯೇ? ದೇವರ ಮೈಮೇಲೆ ಒಪ್ಪುವ ಬಣ್ಣ ಮಗಳ ಮೈಮೇಲೆ ಯಾಕೆ ಒಪ್ಪುವುದಿಲ್ಲ?

ಉತ್ತರ ಸರಳ. ಮಾಸಲು ಬಣ್ಣ ಉಡಿಸುವುದು ಅವಳು ಚೆನ್ನಾಗಿ ಕಾಣಲೆಂದಲ್ಲ, ಬೆಳ್ಳಗೆ ಕಾಣಲೆಂದು. ಎರಡೂ ಒಂದೇ ಎಂದು ನಮ್ಮನ್ನು ನಂಬಿಸಿದವರು ಅದರಿಂದ ಹಣ ಮಾಡಿದರು. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಎಂಬ ಕ್ರೀಮು ಈ ದೇಶದ ಪೇಟೆಗೆ ಬಂತು. ಮೈಬಣ್ಣದ ಆಧಾರದಲ್ಲಿ ಯಾರನ್ನೂ ಕೀಳಾಗಿ ತೋರಿಸಬಾರದು ಎಂಬ ನಿಯಮವನ್ನು ಜಾಹೀರಾತು ಕ್ಷೇತ್ರದ ಸ್ವಯಂನಿಯಂತ್ರಣ ಸಂಸ್ಥೆ ಮಾಡಿದ್ದು 2014ರಲ್ಲಿ. 2020ರಲ್ಲಿ ಆ ಕ್ರೀಮು ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆದು 'ಗ್ಲೋ ಅಂಡ್ ಲವ್ಲಿ' ಆಯಿತು. ಡಬ್ಬಿಯ ಹೆಸರು ಬದಲಾಗಲು 45 ವರ್ಷ ಹಿಡಿಯಿತು. ನಮ್ಮ ಜಗಲಿಯ ಮಾತು ಬದಲಾಗಲು ಇನ್ನೆಷ್ಟು ವರ್ಷ ಬೇಕು?

ಓದಿದವರು ಇನ್ನೊಂದು ಶಾಸ್ತ್ರ ಹೇಳುತ್ತಾರೆ. ಅಮೆರಿಕದ ಕ್ಯಾರೊಲ್ ಜಾಕ್ಸನ್ 1980ರಲ್ಲಿ 'ಕಲರ್ ಮಿ ಬ್ಯೂಟಿಫುಲ್' ಎಂಬ ಪುಸ್ತಕ ಬರೆದು, ಮನುಷ್ಯರನ್ನು ಚರ್ಮ, ಕೂದಲು, ಕಣ್ಣುಗಳ ಬಣ್ಣ ನೋಡಿ ವಸಂತ, ಬೇಸಿಗೆ, ಶರತ್, ಚಳಿಗಾಲ ಎಂದು ನಾಲ್ಕು ಗುಂಪು ಮಾಡಿದರು. ಹೊಂಬಣ್ಣದ ಕೂದಲು, ನೀಲಿ ಕಣ್ಣು, ಕೆಂಚು ಕೂದಲು ಇರುವ ದೇಶದಲ್ಲಿ ಆ ವಿಂಗಡಣೆಗೆ ಅರ್ಥವಿರಬಹುದು. ಆದರೆ ಅದರ ಪ್ರಕಾರ ಕಪ್ಪು ಕೂದಲು, ಕಪ್ಪು ಕಣ್ಣಿನ ನಾವು ಬಹುತೇಕ ಎಲ್ಲರೂ ಚಳಿಗಾಲದವರು! ಕುಂಬಳೆಯ ಸೆಕೆಯಲ್ಲಿ ಬೆವರುತ್ತ ಕುಳಿತ ನಾವು ಚಳಿಗಾಲದವರಂತೆ. ಗೋಧಿ, ಎಣ್ಣೆಗೆಂಪು, ಮಾವಿನ ಚಿಗುರು, ಹುಣಿಸೆ ಬೀಜ ಹೀಗೆ ಒಂದೇ ಮನೆಯ ಐದು ಮಂದಿಗೆ ಐದು ಮೈಬಣ್ಣ ಇರುವ ನೆಲ ನಮ್ಮದು. ಅದನ್ನು ಒಂದು ಪೆಟ್ಟಿಗೆಯಲ್ಲಿ ತುಂಬುವ ಶಾಸ್ತ್ರ ನಮಗೆ ಯಾಕೆ?

ಇನ್ನು ಮೈಕಟ್ಟಿನ ವಿಚಾರ. ದಪ್ಪಗಿದ್ದವಳು ಕಡುಬಣ್ಣ ಉಡಬೇಕು, ಉದ್ದ ಪಟ್ಟೆ ತೊಡಬೇಕು. ಕುಳ್ಳಿ ದೊಡ್ಡ ಅಂಚು ಉಡಬಾರದು. ತೆಳ್ಳಗಿದ್ದವಳು ಮೈ ತುಂಬಿಕೊಂಡಂತೆ ಕಾಣಲು ಗಂಜಿ ಹಾಕಿದ ಸೀರೆ ಉಡಬೇಕು. ಗಮನಿಸಿ, ಪ್ರತಿಯೊಂದು ಸಲಹೆಯೂ ಮರೆಮಾಚುವ ಸಲಹೆ. ಹಾಗಾದರೆ ಹೊಟ್ಟೆ ಮುಂದೆ ಬಂದ ಗಂಡಸಿಗೆ ಬಿಳಿ ಮುಂಡು ಒಪ್ಪುವುದಿಲ್ಲ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಸೆಕೆಯಾದರೆ ಅವರು ಅದನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಪೇಟೆಯ ನಡುವೆ ನಡೆಯುತ್ತಾರೆ. ಅದು ಗಾಂಭೀರ್ಯ! ಅದೇ ಸೆಕೆಗೆ ಹೆಂಗಸು ಸಡಿಲವಾದ ಹತ್ತಿಯ ನೈಟಿ ತೊಟ್ಟು ಅಂಗಡಿಗೆ ಹೋದರೆ ಅದು ನಾಚಿಕೆಗೇಡು. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಹಗಲು ಹೊತ್ತು ನೈಟಿ ತೊಟ್ಟ ಹೆಂಗಸಿಗೆ 2,000 ರೂಪಾಯಿ ದಂಡ ಎಂದು ಊರ ಹಿರಿಯರು ಕಟ್ಟಳೆ ಮಾಡಿದ್ದರು. ನಮ್ಮಲ್ಲಿ ದಂಡವಿಲ್ಲ, ನೋಟವಿದೆ.

ಮೈಕಟ್ಟು ತಪ್ಪಲ್ಲ, ಅಳತೆ ತಪ್ಪು. ಇದು ನನ್ನ ಕಸುಬು ಕಲಿಸಿದ ಪಾಠ. ಸಿದ್ಧ ಉಡುಪಿನ ಎಸ್, ಎಂ, ಎಲ್ ಎಂಬ ಅಕ್ಷರಗಳ ಹಿಂದಿನ ಪಟ್ಟಿಗಳು ಹೆಚ್ಚಾಗಿ ಅಮೆರಿಕ, ಬ್ರಿಟನ್, ಯೂರೋಪಿನ ದೇಹಗಳನ್ನು ನೋಡಿ ಮಾಡಿದವು. ಈ ದೇಶಕ್ಕೆ ತನ್ನದೇ ಅಳತೆಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಆರು ನಗರಗಳಲ್ಲಿ 25,000 ಮಂದಿಯ ಅಳತೆ ತೆಗೆಯುವ ಯೋಜನೆಯನ್ನು ಘೋಷಿಸಿದ್ದು 2018ರಲ್ಲಿ. ಅಂದರೆ ಅಲ್ಲಿಯ ತನಕ ಅಂಗಡಿಯ ಕನ್ನಡಿಯ ಮುಂದೆ "ನನ್ನ ಮೈಯೇ ಸರಿಯಿಲ್ಲ" ಎಂದು ಕಣ್ಣೀರು ಹಾಕಿದ ಹುಡುಗಿಯರೆಲ್ಲ ಪರದೇಶದ ಯಾರದೋ ಭುಜ, ಯಾರದೋ ಸೊಂಟದ ಲೆಕ್ಕಕ್ಕೆ ಅತ್ತವರು. ನಾವು ಭಾಷಾ ಅಲ್ಪಸಂಖ್ಯಾತರು. ಬೇರೆಯವರ ಲೆಕ್ಕಕ್ಕೆ ತಯಾರಾದ ನಮೂನೆಯಲ್ಲಿ ನಮ್ಮ ಹೆಸರು, ನಮ್ಮ ಮನೆಮಾತು ಹಿಡಿಸದೆ ಹೊರಗುಳಿಯುವುದು ಹೇಗಿರುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಹೊರಗಿನವರು ಮಾಡಿದಾಗ ನೋಯುವ ನಾವು ಮನೆಯೊಳಗೆ ಮಗಳಿಗೆ ಅದನ್ನೇ ಮಾಡಬಹುದೇ?

ಗಡಿನಾಡಿನಲ್ಲಿ ಇನ್ನೊಂದು ಹೊರೆಯೂ ಉಂಟು. ಓಣಂ ಬಂದರೆ ಶಾಲೆ, ಕಛೇರಿಗಳಲ್ಲಿ ಎಲ್ಲರೂ ಕೆನೆಬಣ್ಣದ ಕಸವು ಸೀರೆ ಉಡಬೇಕು. ನವೆಂಬರ್ ಒಂದಕ್ಕೆ ನಮ್ಮ ಸಂಘಗಳಲ್ಲಿ ಹಳದಿ ಕೆಂಪು ಉಡಬೇಕು. ಎರಡೂ ಚಂದವೇ, ಹಬ್ಬದ ಸಂತೋಷಕ್ಕೆ ನಾನು ಅಡ್ಡಿ ಬರುವವಳಲ್ಲ. ಆದರೆ ಅಭಿಮಾನದ ಭಾರವನ್ನೆಲ್ಲ ಹೆಂಗಸರ ಮೈಮೇಲೆ ಹೊರಿಸಿ ಗಂಡಸರು ಪ್ಯಾಂಟು ಅಂಗಿಯಲ್ಲಿ ಭಾಷಣ ಮಾಡುವುದು ಯಾವ ನ್ಯಾಯ? ಅಗ್ಗಕ್ಕೆ ಸಿಗುತ್ತದೆಂದು ಆ ದಿನಕ್ಕಾಗಿ ಕೊಳ್ಳುವ ಪಾಲಿಯೆಸ್ಟರ್ ಸೀರೆ ಯಾವ ಭಾಷೆಯದ್ದೂ ಅಲ್ಲ. ಹತ್ತಿಯ ನೂಲು ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇಕಡಾ ಸುಮಾರು 8ರಷ್ಟು ತೇವ ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇಕಡಾ 0.4ರಷ್ಟು ಮಾತ್ರ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಮಳೆಯಿಲ್ಲದಾಗ ಕಡಲ ಬೆವರು ಕಾಡುವ ಈ ಕರಾವಳಿಯಲ್ಲಿ ಬೆವರನ್ನು ಹೀರದ ಬಟ್ಟೆ ಬೆನ್ನಿಗಂಟಿ ತುರಿಕೆ ತರುತ್ತದೆ. ಪಾಲಿಯೆಸ್ಟರ್ ಮಳೆಗಾಲದಲ್ಲಿ ಬೇಗ ಒಣಗುತ್ತದೆ ಎಂಬುದು ನಿಜ. ಆದ್ದರಿಂದ ಆಟಿ ತಿಂಗಳಿಗೆ ಮಿಶ್ರ ನೂಲು ಇರಲಿ. ಮೈಗಂಟುವ ರವಿಕೆಯೂ ಅದರ ಅಸ್ತರಿಯೂ ಹತ್ತಿಯದೇ ಆಗಲಿ.

ನಮ್ಮ ಊರಿನ ಹೆಸರನ್ನೇ ಹೊತ್ತ ಕಾಸರಗೋಡು ಸೀರೆ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದದ್ದು. ಕೈಮಗ್ಗದ ಹತ್ತಿ, ಪಟ್ಟೆ, ಚೌಕಳಿ, ಬೇಗ ಬಿಡದ ಬಣ್ಣ. ಕನ್ನಡದ ಮನೆಗೂ ಮಲಯಾಳದ ಮನೆಗೂ ಅದು ಸೇರುತ್ತದೆ. ಅದನ್ನು ಬಿಟ್ಟು ಲಾರಿಯಲ್ಲಿ ಬಂದಿಳಿದ ಮಿನುಗಿಗೆ ಮುಗಿಬೀಳುತ್ತೇವೆ.

"ಹಾಗಾದರೆ ಚೆನ್ನಾಗಿ ಕಾಣಬೇಕೆಂಬ ಆಸೆಯೇ ತಪ್ಪೇ? ಸಲಹೆ ಹೇಳುವುದೇ ಬೇಡವೇ?" ಎಂದು ಕೇಳುವವರಿದ್ದಾರೆ. ಆಸೆ ತಪ್ಪಲ್ಲ. ಅಂದವನ್ನು ಕೀಳೆಂದು ಬಗೆದರೆ ನನ್ನ ಕಸುಬನ್ನೇ ಕೀಳು ಮಾಡಿದಂತೆ. ಸಲಹೆಯೂ ಬೇಕು. ಆದರೆ ಅದು ಬಟ್ಟೆಯ ತಪ್ಪನ್ನು ಹೇಳಲಿ, ಮೈಯ ತಪ್ಪನ್ನು ಹುಡುಕದಿರಲಿ. ಅಂಥ ಸಲಹೆ ಹೇಗಿರುತ್ತದೆಂದು ಹೇಳುತ್ತೇನೆ.

ಬಣ್ಣವನ್ನು ಅಂಗಡಿಯ ದೀಪದಲ್ಲಿ ನೋಡಿ ನಿರ್ಧರಿಸಬೇಡಿ. ಬಟ್ಟೆಯನ್ನು ಬಾಗಿಲ ಹೊರಗೆ ಹಗಲಿಗೆ ತಂದು ಗಲ್ಲದ ಕೆಳಗೆ ಹಿಡಿಯಿರಿ. ಮೊದಲು ಕಣ್ಣಿಗೆ ಬೀಳುವುದು ಮುಖವಾದರೆ ಆ ಬಣ್ಣ ನಿಮ್ಮದು. ಬಟ್ಟೆ ಮಾತ್ರ ಕಂಡು ಮುಖ ಮಂಕಾದರೆ ಬಿಟ್ಟುಬಿಡಿ. ಈ ಪರೀಕ್ಷೆಯಲ್ಲಿ ಕಪ್ಪು ಮೈಯವರ ಮೇಲೆ ಅರಿಶಿನ, ಕುಂಕುಮ, ನವಿಲುಬಣ್ಣ, ಬಾಳೆಯ ಸುಳಿಯ ಹಸಿರು ಬೆಳಗಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಸೀರೆ ಯಾರ ಅಳತೆಯನ್ನೂ ಕೇಳುವುದಿಲ್ಲ. ಮದುವೆಗೆ ಮುಂಚೆ ಉಟ್ಟದ್ದನ್ನು ಮೂರು ಹೆತ್ತ ಮೇಲೂ ಉಡಬಹುದು. ತೊಂದರೆ ಕೊಡುವುದು ರವಿಕೆ. ಹಳೆಯ ರವಿಕೆಯನ್ನು ದರ್ಜಿಯ ಕಡೆಗೆ ಎಸೆದು "ಇದರ ಹಾಗೆ" ಅನ್ನಬೇಡಿ, ವರ್ಷಕ್ಕೊಮ್ಮೆ ಮೈಯ ಅಳತೆ ಕೊಡಿ. ಎರಡು ಭುಜಗಳು ಅನೇಕರಲ್ಲಿ ಸಮನಾಗಿರುವುದಿಲ್ಲ, ಎರಡನ್ನೂ ಬೇರೆ ಬೇರೆ ನೋಡಲು ಹೇಳಿ. ಕಂಕುಳ ಬಿಗಿಯಾಯಿತೆಂದು ಅದನ್ನು ಕೆಳಗಿಳಿಸಿ ಕತ್ತರಿಸಿದರೆ ಕೈ ಎತ್ತುವಾಗ ಇಡೀ ರವಿಕೆ ಮೇಲೇಳುತ್ತದೆ. ಕಂಕುಳ ಮೇಲಿದ್ದು ತೋಳಿನ ಸುತ್ತಳತೆ ಸಾಕಷ್ಟಿದ್ದರೆ ಬಸ್ಸಿನ ಕಂಬಿ ಹಿಡಿಯಲೂ ಬಾವಿಯ ನೀರೆಳೆಯಲೂ ಸುಲಭ. ಒಳಹೊಲಿಗೆಯಲ್ಲಿ ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಬಿಡಿಸಿ. ಮೈ ಬದಲಾಗುತ್ತದೆ, ಬದಲಾಗುವುದು ಅದರ ಧರ್ಮ. ಹೊಲಿಗೆ ಬಿಚ್ಚಿಕೊಡುವುದು ಬಟ್ಟೆಯ ಧರ್ಮ.

ಕೊಳ್ಳುವ ಮುಂಚೆ ಚೂಡಿದಾರ್ ಆಗಲಿ ಅಂಗಿಯಾಗಲಿ ತೊಟ್ಟು ಕುಳಿತು ನೋಡಿ, ಬಗ್ಗಿ ನೋಡಿ, ಎರಡೂ ಕೈ ಮೇಲೆತ್ತಿ ನೋಡಿ. ಕನ್ನಡಿ ನಿಂತವರನ್ನಷ್ಟೇ ತೋರಿಸುತ್ತದೆ. ನಮ್ಮ ದಿನವೆಲ್ಲ ನಿಂತೇ ಕಳೆಯುವುದಿಲ್ಲವಷ್ಟೆ. ಅಗಲ ಅಂಚು ಕುಳ್ಳಗಿನವಳ ಸೀರೆಯನ್ನು ಭಾರ ಮಾಡಿ ಕಾಲಿಗೆ ತೊಡರುತ್ತಿದ್ದರೆ ಸಣ್ಣ ಅಂಚು ಆರಿಸಲಿ. ಅವಳು ಕುಳ್ಳಿ ಎಂಬ ಕಾರಣಕ್ಕಲ್ಲ, ನಡೆಯಲು ಕಷ್ಟ ಎಂಬ ಕಾರಣಕ್ಕೆ. ಕಷ್ಟವಿಲ್ಲ, ಅಗಲ ಅಂಚೇ ಇಷ್ಟ ಎಂದರೆ ಮಾತು ಮುಗಿಯಿತು.

ತಾಯಂದಿರೇ, ಅತ್ತೆಯರೇ, ಅಕ್ಕಂದಿರೇ, ನಮ್ಮ ಮಕ್ಕಳಿಗೆ ಕನ್ನಡ ಉಳಿಯಲಿ ಎಂದು ನಾವು ಶಾಲೆಯ ಬಾಗಿಲಿಗೆ ಅಲೆಯುತ್ತೇವೆ, ಅರ್ಜಿ ಬರೆಯುತ್ತೇವೆ, ಸಭೆ ಸೇರುತ್ತೇವೆ. ಆ ಕನ್ನಡದಲ್ಲಿ ಮಗಳು ಮನೆಯೊಳಗೆ ದಿನಾ ಕೇಳುವುದು "ನಿನಗೆ ಒಪ್ಪುವುದಿಲ್ಲ" ಎಂಬ ಮಾತಾದರೆ, ಅವಳಿಗೆ ಆ ಭಾಷೆಯ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಮುಂದಿನ ಸಲ ಜವಳಿಗೆ ಹೋದಾಗ ಅವಳನ್ನು ಮುಂದೆ ಕೂರಿಸಿ, ನೀವು ಹಿಂದೆ ಕುಳಿತುಕೊಳ್ಳಿ. "ನಿನಗೆ ಯಾವುದು ಒಪ್ಪಿಗೆ?" ಎಂದು ಕೇಳಿ. ಅವಳು ಕಡುಕೆಂಪು ಎತ್ತಿಕೊಂಡರೆ ಬೆಲೆ ಮಾತ್ರ ವಿಚಾರಿಸಿ.