ವೃದ್ಧಾಶ್ರಮದಲ್ಲಿ ಜೊತೆ ಬಯಸುವುದು ತಪ್ಪೇ?

2019ರ ಡಿಸೆಂಬರ್‌ನಲ್ಲಿ ಕೇರಳದ ತ್ರಿಶೂರಿನ ರಾಮವರ್ಮಪುರಂ ಸರ್ಕಾರಿ ವೃದ್ಧಾಶ್ರಮದಲ್ಲಿ ಅರವತ್ತು ದಾಟಿದ ಇಬ್ಬರು ನಿವಾಸಿಗಳು ಮದುವೆಯಾದರು. ಮಂತ್ರಿಗಳೇ ಬಂದು ಹರಸಿದರು. ನಮ್ಮಲ್ಲಿ ಅಂಥ ಮಾತೆತ್ತಿದರೆ ಸಿಗುವ ಉತ್ತರ ಒಂದೇ: 'ಕಾಡು ಬಾ ಅನ್ನುವ ವಯಸ್ಸಲ್ಲಿ ಇದೆಂಥ ಚಪಲ?'

ಇಳಿವಯಸ್ಸಿನ ಜೊತೆಯ ಈ ಪ್ರಶ್ನೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯಂಥ ಕಡೆ ಹೆಚ್ಚು ಚುಚ್ಚಬೇಕು. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಗಣಿ ಕಾರ್ಮಿಕರ ಮಕ್ಕಳು ಈಗ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೆಲವರು ಅಲ್ಲೇ ಮನೆ ಮಾಡಿದ್ದಾರೆ. ಗಣಿ ದೂಳಿನ ಸಿಲಿಕೋಸಿಸ್ ಹಲವು ಹೆಂಗಸರನ್ನು ಬೇಗನೆ ವಿಧವೆಯರನ್ನಾಗಿಸಿತು. ಹೀಗೆ ಒಂಟಿಯಾದ ಹಿರಿಯರಲ್ಲಿ ಆಶ್ರಮ ಸೇರುವವರಿಗೆ ನಾವು ಏನು ಕೊಡುತ್ತೇವೆ?

ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ಆಶ್ರಮದ ಮಾತನ್ನು 2007ರ ಹಿರಿಯ ನಾಗರಿಕರ ಕಾಯ್ದೆ ಆಡುತ್ತದೆ. ಆದರೆ ಎಷ್ಟೋ ಆಶ್ರಮಗಳಲ್ಲಿ ಗಂಡಸರ ವಾರ್ಡು ಬೇರೆ, ಹೆಂಗಸರದು ಬೇರೆ. ನಲವತ್ತು ವರ್ಷ ಸಂಸಾರ ಮಾಡಿದ ದಂಪತಿ ಊಟದ ಹಾಲ್‌ನಲ್ಲಿ ಮುಖ ನೋಡಿಕೊಳ್ಳಬೇಕು. ಒಳಗಿನಿಂದ ಚಿಲಕ ಹಾಕುವಂತಿಲ್ಲ.

ಇದಕ್ಕೆ ಆಯಾಗಳನ್ನು ಬೈದು ಪ್ರಯೋಜನವಿಲ್ಲ. ಸ್ನಾನ ಮಾಡಿಸುವಾಗ ಮೈಮೇಲೆ ಕೈ ಹಾಕುವ ಮುದುಕನನ್ನು ತಡೆಯುವುದು ಹೇಗೆ? ಮರೆವಿನ ಕಾಯಿಲೆಯ ಅಜ್ಜಿ ಯಾರದೋ ಕೈಹಿಡಿದು ಕೂತರೆ ಅದು ಇಷ್ಟವೋ, ಗಂಡನೆಂಬ ಭ್ರಮೆಯೋ? ಕಡಿಮೆ ಸಂಬಳದ ಆ ಹೆಣ್ಣುಮಗಳಿಗೆ ಇದನ್ನು ಕಲಿಸಿದವರು ಯಾರು? ನ್ಯೂಯಾರ್ಕಿನ ರಿವರ್‌ಡೇಲ್‌ನ ಹೀಬ್ರೂ ಹೋಮ್ ಎಂಬ ವೃದ್ಧಾಶ್ರಮ 1995ರಲ್ಲೇ ನಿವಾಸಿಗಳ ಲೈಂಗಿಕ ಹಕ್ಕು ಕುರಿತು ನಿಯಮ ಬರೆದುಕೊಂಡಿತು.

ನಮಗೂ ಇಂಥ ನಿಯಮ, ಅದರ ತರಬೇತಿ ಬೇಕು. ಆದರೆ ಬೆಂಗಳೂರಿನ ಕಚೇರಿಯಲ್ಲಿ ತಯಾರಾದ ಕೈಪಿಡಿ ಬೇಡ. ಆಶ್ರಮದ ಅಜ್ಜ ಅಜ್ಜಿಯರು, ಆಯಾಗಳು, ಅಡುಗೆಯವರು ಒಟ್ಟಿಗೆ ಕೂತು ಅದನ್ನು ರೂಪಿಸಲಿ; ಕೆಜಿಎಫ್‌ನಲ್ಲಾದರೆ ಕನ್ನಡದ ಜೊತೆಗೆ ತಮಿಳು, ತೆಲುಗಿನಲ್ಲೂ ಮಾತಾಗಲಿ. ಮಕ್ಕಳ ಅಭಿಪ್ರಾಯ ಕೇಳೋಣ, ಅಪ್ಪಣೆಯನ್ನಲ್ಲ. ಹೆತ್ತವರು ಜೊತೆ ಬಯಸಿದಾಗ ಅವರಿಗೆ ಬರುವ ಸಿಟ್ಟಿನ ಹಿಂದೆ ಎಷ್ಟೋ ಸಲ ಆಸ್ತಿಯ ಚಿಂತೆಯೂ ಇರುತ್ತದೆ.

ಸಂಸ್ಕೃತಿ ಕೆಡುತ್ತದೆ ಎನ್ನುವವರು ಮಹಾಭಾರತ ನೆನೆಯಲಿ. ಕಣ್ಣಿಲ್ಲದ ಧೃತರಾಷ್ಟ್ರ ಕಾಡಿಗೆ ಹೊರಟಾಗ ಗಾಂಧಾರಿಯೂ ಜೊತೆಗೇ ಹೋದಳು. ಬೇರೆ ಬೇರೆ ವಾರ್ಡಿಗೆ ಹಾಕಿದ್ದು ವ್ಯಾಸರಲ್ಲ, ನಾವು.

ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಮೊದಲು ಮೂರು ಕೆಲಸ ಮಾಡಲಿ: ದಂಪತಿಗೆ ಒಂದೇ ಕೋಣೆ, ಬಾಗಿಲು ತಟ್ಟಿ ಒಳಬರುವ ನಿಯಮ, ತರಬೇತಿ ಸಮಿತಿಯಲ್ಲಿ ನಿವಾಸಿಗಳಿಗೆ ಅರ್ಧದಷ್ಟು ಸ್ಥಾನ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ.